ಕಳ್ಳಾಟ ಆಡಿಯೂ ಸೋತಿದ್ದೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆರನೇ ಕ್ಲಾಸಿನಲ್ಲಿದ್ದಾಗ ನಾನು ದಾಳವನ್ನೇ ಹಾಕದೆ ಸ್ಕಿಲ್ 12, ಸ್ಟ್ಯಾಮಿನಾ 24, ಲಕ್ 12 ಅಂತ ಬರೆದುಕೊಂಡವನು. ಗೊತ್ತಿರುವವರು ಈಗಾಗಲೇ ನಗುತ್ತಿರುತ್ತೀರಿ. ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ.

‘ದಿ ವಾರ್ಲಾಕ್ ಆಫ್ ಫೈರ್‌ಟಾಪ್ ಮೌಂಟನ್’ ಅಂತ ಒಂದು ಪುಸ್ತಕ. 1982ರಲ್ಲಿ ಇಂಗ್ಲೆಂಡಿನ ಪಫಿನ್ ಪ್ರಕಾಶನ ತಂದಿದ್ದು. ಬರೆದವರು ಸ್ಟೀವ್ ಜಾಕ್ಸನ್ ಮತ್ತು ಇಯಾನ್ ಲಿವಿಂಗ್‌ಸ್ಟನ್. ಗೇಮ್ಸ್ ವರ್ಕ್‌ಶಾಪ್ ಕಂಪನಿ ಶುರು ಮಾಡಿದವರಲ್ಲಿ ಇವರೂ ಇದ್ದರು. ಈ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದುವ ಹಾಗಿಲ್ಲ. ಕಥೆಯನ್ನು 400 ತುಂಡು ಮಾಡಿ, ನಂಬರ್ ಕೊಟ್ಟು, ಕಲಸಿ ಇಟ್ಟಿದ್ದಾರೆ. ಗುಹೆಯೊಳಗೆ ಕಾಲಿಟ್ಟ ತಕ್ಷಣ ದಾರಿ ಎರಡಾಗುತ್ತದೆ. ಪಶ್ಚಿಮಕ್ಕೆ ಹೋಗುವವರು 71 ತೆಗೆಯಬೇಕು, ಪೂರ್ವಕ್ಕಾದರೆ 278. ಕಥೆಯ ಹೀರೋ ನೀವೇ. ನಿಮ್ಮ ಹೊಡೆದಾಟದ ಕೈಚಳಕ ಸ್ಕಿಲ್, ಮೈಯ ಕಸುವು ಸ್ಟ್ಯಾಮಿನಾ, ಅದೃಷ್ಟ ಲಕ್; ಶುರುವಿನಲ್ಲೇ ದಾಳ ಹಾಕಿ ಮೂರಕ್ಕೂ ಅಂಕ ಬರೆದುಕೊಳ್ಳಬೇಕು. ಝಾಗೋರ್ ಅನ್ನುವ ಮಾಂತ್ರಿಕನ ನಿಧಿ ಹೊಡೆಯಬೇಕು. ಎರಡು ದಾಳ, ಒಂದು ಪೆನ್ಸಿಲ್, ಒಂದು ರಬ್ಬರ್ ಇದ್ದರೆ ಸಾಕು.

ನಮ್ಮನೆಯಲ್ಲಿ ಇದ್ದದ್ದು ಒಂದೇ ದಾಳ, ಹಾವು ಏಣಿ ಡಬ್ಬಿಯದು. ಜಗಳ ಒಂದು ಸುತ್ತು ನಡೆಯಬೇಕಾದರೆ ರಾಕ್ಷಸನಿಗೆ ಎರಡು ದಾಳ, ನಮಗೆ ಎರಡು ದಾಳ. ಅವರವರ ಸ್ಕಿಲ್ ಕೂಡಿಸಬೇಕು, ಯಾರದ್ದು ಜಾಸ್ತಿಯೋ ಅವರ ಪೆಟ್ಟು ಬಿತ್ತು. ಪೆಟ್ಟು ತಿಂದವನ ಸ್ಟ್ಯಾಮಿನಾದಲ್ಲಿ 2 ಕಳೆಯಬೇಕು. ಅಂದರೆ ಸುತ್ತಿಗೆ ನಾಲ್ಕು ಸಲ ದಾಳ ಎಸೆಯಬೇಕು. ಆ 71ಕ್ಕೆ ಹೋದರೆ ಮೂಲೆಯಲ್ಲೊಬ್ಬ ಕಾವಲುಗಾರ ಗೊರಕೆ ಹೊಡೆಯುತ್ತಿರುತ್ತಾನೆ. ಲಕ್ ಚೆನ್ನಾಗಿದ್ದರೆ ಬೆಕ್ಕಿನ ಹಾಗೆ ದಾಟಿಕೊಂಡು ಹೋಗಬಹುದು. ಇಲ್ಲದಿದ್ದರೆ ಕಾಲಡಿಯಲ್ಲಿ ಕರಕ್ ಅನ್ನುತ್ತದೆ, ಅವನು ಕಣ್ಣು ಬಿಡುತ್ತಾನೆ. ಅವನೊಬ್ಬ ಓರ್ಕ್, ಇಂಥ ಕಥೆಗಳಲ್ಲಿ ಬರುವ ಒರಟು ರಾಕ್ಷಸ ಜಾತಿಯವನು. ಸ್ಕಿಲ್ 6, ಸ್ಟ್ಯಾಮಿನಾ 5. ಇಂಥ ಬಡಪಾಯಿಯನ್ನು ಮಲಗಿಸಲಿಕ್ಕೂ ಮೂರು ಪೆಟ್ಟು ಬೇಕು. ಕಡಿಮೆ ಅಂದರೂ ಹನ್ನೆರಡು ಸಲ ದಾಳ ಉರುಳಬೇಕು, ಅದೂ ಕೆಂಪು ನೆಲದ ಮೇಲೆ ಟಕಟಕ ಅಂತ, ಮಧ್ಯಾಹ್ನ ಅಜ್ಜಿ ಮಲಗಿರುವಾಗ. “ಪಗಡೆ ಆಡಿ ಧರ್ಮರಾಯನೇ ಹಾಳಾದ, ನೀನ್ಯಾವ ಲೆಕ್ಕ” ಅಂತ ಅಜ್ಜಿ ಮಗ್ಗುಲು ಬದಲಿಸುತ್ತಿದ್ದರು.

ಪುಸ್ತಕ ಸಿಕ್ಕಿದ್ದು ನಮ್ಮ ಬೀದಿಯ ಬಾಡಿಗೆ ಲೈಬ್ರರಿಯಲ್ಲಿ. ಅದರ ಮೊದಲ ಪುಟಗಳಲ್ಲಿ ಅಂಕ ಬರೆದುಕೊಳ್ಳಲು ಒಂದು ಶೀಟ್ ಇರುತ್ತದೆ. ಅದರಲ್ಲಿ ನನಗಿಂತ ಮೊದಲು ಓದಿದವರ ಗುರುತುಗಳೆಲ್ಲ ಹಾಗೇ ಇದ್ದವು. ಪೆನ್ಸಿಲ್ಲಿನಲ್ಲಿ ಬರೆದು ಅಳಿಸಿದ್ದು, ಅದರ ಮೇಲೆ ಇನ್ನೊಬ್ಬರು ಬರೆದದ್ದು. ಬೆಳಕಿಗೆ ಓರೆ ಹಿಡಿದರೆ ಮೂರು ಜನರ ಅಂಕಿ ಕಾಣುತ್ತಿತ್ತು. ಮೂವರದ್ದೂ 12, 24, 12! ಒಬ್ಬ ಪುಣ್ಯಾತ್ಮ ಪೆನ್ನಿನಲ್ಲೇ ಬರೆದಿದ್ದ. ಸ್ಕಿಲ್‌ಗೆ ಒಂದು ದಾಳ ಹಾಕಿ 6 ಕೂಡಿಸಬೇಕು, ಸ್ಟ್ಯಾಮಿನಾಗೆ ಎರಡು ದಾಳ ಹಾಕಿ 12, ಲಕ್‌ಗೆ ಮತ್ತೆ ಒಂದು ದಾಳ ಮತ್ತು 6. ಮೂರೂ ಪೂರ್ತಿ ಬೀಳುವುದು 1296ರಲ್ಲಿ ಒಂದು ಸಲ. ಒಂದೇ ಬೀದಿಯಲ್ಲಿ ಅಷ್ಟು ಅದೃಷ್ಟವಂತರು ಇದ್ದರು ಅಂತ ಆಯಿತು. ನಾನೂ ಆ ಸಾಲಿಗೆ ಸೇರಿದೆ.

ಸರಿ, 12 ಸ್ಕಿಲ್ ಹಿಡಿದು ಹೊರಟೆ. ಸಿಕ್ಕಿದ್ದನ್ನೆಲ್ಲ ಕೊಚ್ಚಿದೆ. ನದಿ ದಾಟಿದೆ, ಚಕ್ರವ್ಯೂಹದಂಥ ಜಾಗದಲ್ಲಿ ಸುತ್ತಿ ಸುತ್ತಿ ಹೊರಬಂದೆ, ಝಾಗೋರನನ್ನೂ ಮುಗಿಸಿದೆ. ಪೆಟ್ಟಿಗೆ ಎದುರಿಗಿತ್ತು. ಅದಕ್ಕೆ ಬೀಗ. ತೆಗೆಯಲು ಮೂರು ಕೀಲಿ ಬೇಕು. ಬೆಟ್ಟದೊಳಗೆ ಅಲ್ಲಲ್ಲಿ ಸಿಗುವ ಪ್ರತಿ ಕೀಲಿಯ ಮೇಲೂ ಒಂದು ನಂಬರ್ ಇರುತ್ತದೆ. ಸರಿಯಾದ ಮೂರನ್ನು ಕೂಡಿಸಿದರೆ ಬರುವುದೇ ನೀವು ತೆಗೆಯಬೇಕಾದ ತುಂಡಿನ ನಂಬರ್. ನನ್ನ ಹತ್ತಿರ ಎಷ್ಟಿದ್ದವು? ಒಂದು. ನಾನು ಕೋಣೆಗಳಿಗೆ ಹೋಗಿದ್ದೇ ಹೊಡೆಯಲಿಕ್ಕೆ, ಹುಡುಕಲಿಕ್ಕಲ್ಲ.

ಸಿಟ್ಟು ಬಂದು 400ನೇ ತುಂಡನ್ನೇ ತೆಗೆದು ಓದಿದೆ. ಗೆದ್ದಿದ್ದೆ. ಚಿನ್ನ, ಒಡವೆ, ಮಾಂತ್ರಿಕನ ಮಂತ್ರದ ಪುಸ್ತಕ, ಎಲ್ಲ ನನ್ನದೇ. ಪಕ್ಕದ ಮನೆಯವರ ಮದುವೆ ಆಲ್ಬಮ್ ನೋಡಿದ ಹಾಗಾಯಿತು ಅಷ್ಟೇ.

ನಾನು ಹೇಳಬೇಕು ಅಂತಿರುವುದು ಇದನ್ನೇ. ಈ ಪುಸ್ತಕದ ಬಗ್ಗೆ ಮಾತು ಬಂದಾಗೆಲ್ಲ ದಾಳದ ವಿಷಯಕ್ಕೆ ಜಗಳ ಶುರುವಾಗುತ್ತದೆ. ಪ್ರಾಮಾಣಿಕವಾಗಿ ಆಡಬೇಕು, ಸತ್ತರೆ ಮೊದಲಿಂದ ಶುರು ಮಾಡಬೇಕು, ಪುಟದ ಮಧ್ಯೆ ಬೆರಳಿಟ್ಟುಕೊಂಡು ಹಿಂದಕ್ಕೆ ಬರಬಾರದು ಅಂತೆಲ್ಲ. ನನ್ನ ಮಟ್ಟಿಗೆ ದಾಳದಲ್ಲಿ ಎಷ್ಟು ಬೇಕಾದರೂ ಮೋಸ ಮಾಡಿಕೊಳ್ಳಿ. ಆ ಹೊಡೆದಾಟ ಈ ಪುಸ್ತಕದ ಬಹಳ ಸಪ್ಪೆ ಭಾಗ. ಮೊದಲ ದಾಳ ಬಿದ್ದಾಗಲೇ ಅರ್ಧ ತೀರ್ಮಾನ ಆಗಿಹೋಗಿರುತ್ತದೆ. ಲೆಕ್ಕ ಹಾಕಿ ನೋಡಿದೆ: ಎದುರಾಳಿಗಿಂತ ನಿಮ್ಮ ಸ್ಕಿಲ್ 4 ಜಾಸ್ತಿ ಇದ್ದರೆ 100 ಸುತ್ತಿನಲ್ಲಿ ಸುಮಾರು 84 ನಿಮ್ಮದು. 4 ಕಡಿಮೆ ಇದ್ದರೆ ಅದೇ 84 ಪೆಟ್ಟು ನಿಮ್ಮ ಬೆನ್ನಿಗೆ. ಇದರಲ್ಲಿ ಆಟ ಎಲ್ಲಿದೆ? ಸರಿಯಾದ ದಾರಿ ಹಿಡಿದರೆ ದಾಳ ಕೆಟ್ಟದಾಗಿ ಬಿದ್ದವನೂ ಗೆಲ್ಲಬಹುದು ಅಂತ ಪುಸ್ತಕದ ಮೊದಲಲ್ಲೇ ಬರೆದಿದ್ದಾರೆ. ಇಲ್ಲಿ ಅದು ಹೆಚ್ಚು ಕಡಿಮೆ ನಿಜ. ಆದರೆ ಲಿವಿಂಗ್‌ಸ್ಟನ್ 1984ರಲ್ಲಿ ಬರೆದ ಇದೇ ಥರದ ಪುಸ್ತಕ ‘ಡೆತ್‌ಟ್ರ್ಯಾಪ್ ಡಂಜನ್’ನಲ್ಲಿ ಕೊನೆಯ ಹತ್ತಿರ ಒಂದು ಮ್ಯಾಂಟಿಕೋರ್ (ಮನುಷ್ಯನ ಮುಖ, ಸಿಂಹದ ಮೈ ಇರುವ ಪ್ರಾಣಿ) ಬರುತ್ತದೆ, ಸ್ಕಿಲ್ 11. ಅಲ್ಲಿಗೆ 7 ಇಟ್ಟುಕೊಂಡು ಹೋಗುವವನಿಗೆ ಒಳ್ಳೆಯದಾಗಲಿ.

ಲಕ್ ಮಾತ್ರ ಬೇರೆ. ಅದನ್ನು ಯೋಚಿಸಿದವರಿಗೆ ಕೈ ಮುಗಿಯುತ್ತೇನೆ. ಎರಡು ದಾಳದ ಮೊತ್ತ ನಿಮ್ಮ ಲಕ್‌ನಷ್ಟೇ ಅಥವಾ ಅದಕ್ಕಿಂತ ಕಡಿಮೆ ಬಂದರೆ ಬಚಾವ್. ಆದರೆ ಗೆದ್ದರೂ ಸೋತರೂ ಪ್ರತಿ ಸಲ ಲಕ್‌ನಲ್ಲಿ 1 ಹೋಗುತ್ತದೆ. ಹೊಡೆದಾಟದಲ್ಲೂ ಬಳಸಬಹುದು: ಲಕ್ ಕೈಹಿಡಿದರೆ ನಿಮ್ಮ ಪೆಟ್ಟು 2ರ ಬದಲು 4, ಕೈಕೊಟ್ಟರೆ ಬರೀ 1. ಅಂದರೆ ಇಲ್ಲಿ ಅದೃಷ್ಟ ಅನ್ನುವುದು ತಿಂಗಳ ಕೊನೆಯ ಸಂಬಳದ ಹಾಗೆ. ಈಗಲೇ ಖರ್ಚು ಮಾಡಲಾ, ಮುಂದೆ ಬೇಕಾಗುತ್ತದಾ? ಹನ್ನೊಂದು ವರ್ಷದ ಹುಡುಗನಿಗೆ ಇದನ್ನು ಬೇರೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ವಿಷಯ. ಪುಸ್ತಕದ ಮೊದಲ ಅರ್ಧ, ನದಿಯವರೆಗೆ, ಲಿವಿಂಗ್‌ಸ್ಟನ್ ಬರೆದದ್ದು. ಆಮೇಲಿನದ್ದು ಜಾಕ್ಸನ್. ಎರಡೂ ಒಂದೇ ಕೈಬರಹದಂತೆ ಕಾಣಲಿ ಅಂತ ಆಮೇಲೆ ಜಾಕ್ಸನ್ ತಿದ್ದಿದರಂತೆ. ತಿದ್ದಿದರೂ ನದಿಯಾಚೆಯ ಆ ಚಕ್ರವ್ಯೂಹ ನನಗೆ ಇವತ್ತಿಗೂ ಆಗುವುದಿಲ್ಲ. ಉತ್ತರಕ್ಕೆ ಹೋಗು, ದಕ್ಷಿಣಕ್ಕೆ ಹೋಗು, ಮತ್ತೆ ಅಲ್ಲಿಗೇ ಬಂದೆ. ರಸ್ ನಿಕೋಲ್ಸನ್ ಅವರ ಕಪ್ಪು ಬಿಳುಪು ಚಿತ್ರಗಳು ಇಲ್ಲದೇ ಹೋಗಿದ್ದರೆ ನಾನು ಅಲ್ಲೇ ಪುಸ್ತಕ ವಾಪಸ್ ಕೊಡುತ್ತಿದ್ದೆ.

ಕೊಡಲಿಲ್ಲ. ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ನಕ್ಷೆ ಬರೆಯಲು ಶುರು ಮಾಡಿದೆ. ಕೋಣೆಗೊಂದು ಚೌಕ, ಒಳಗೆ ನಂಬರ್, ಕೀಲಿ ಸಿಕ್ಕರೆ ಕೆಂಪು ಚುಕ್ಕೆ. ಸ್ಕಿಲ್ 12ರಲ್ಲೇ ಉಳಿಯಿತು, ಅದರ ಬಗ್ಗೆ ನನಗೆ ನಾಚಿಕೆ ಇಲ್ಲ. ಒಂದು ಸಂಜೆ ಮೂರು ನಂಬರ್ ಬರೆದು, ಕೂಡಿಸಿ, ಆ ಪುಟ ತಿರುಗಿಸುವಾಗ ಕೈ ನಡುಗಿದ್ದು ನೆನಪಿದೆ. ಅಲ್ಲಿಂದ ಮುಂದೆ ಕೊನೆಗೆ ಅದೇ 400. ಮೊದಲೇ ಓದಿದ್ದ ಅದೇ ಸಾಲುಗಳು. ಓದಿ ಮುಗಿಸಿ ಹಿತ್ತಲಿಗೆ ಓಡಿಹೋಗಿ ಕೂಗಿದ್ದೆ.

ಕಳೆದ ತಿಂಗಳು ಹಳೆಯ ಪ್ರತಿಯೊಂದು ಸಿಕ್ಕಿತು, ತಂಗಿ ಮಗಳಿಗೆ ಕೊಟ್ಟೆ. ಹತ್ತು ವರ್ಷದವಳು. ನಾನು ಯಾವಾಗಲೂ ಪಶ್ಚಿಮಕ್ಕೇ ಹೋಗುತ್ತಿದ್ದೆ, ಅವಳು ಪೂರ್ವಕ್ಕೆ ಹೋದಳು. ಬೀಗ ಹಾಕಿದ ಮರದ ಬಾಗಿಲು. ಭುಜ ಕೊಟ್ಟು ನುಗ್ಗಿದಳು, ಬಾಗಿಲು ತೆರೆಯಿತು, ಸೀದಾ ಒಳಗಿನ ಹೊಂಡಕ್ಕೆ ಬಿದ್ದಳು. ಸ್ಟ್ಯಾಮಿನಾ 1 ಹೋಯಿತು. ನಕ್ಕೂ ನಕ್ಕೂ ಸಾಕಾಯಿತು. “ಮಾಮ, ಸೇವ್ ಮಾಡೋದು ಎಲ್ಲಿ?” ಅಂದಳು. ಬೆರಳು ಇಡುವುದನ್ನು ತೋರಿಸಿಕೊಟ್ಟೆ. ಈಗ ಅವಳ ಎಡಗೈಯ ನಾಲ್ಕು ಬೆರಳೂ ಪುಸ್ತಕದೊಳಗಿವೆ, ದಾಳ ಹಾಕುವ ಕೆಲಸ ನನಗೆ ಬಿದ್ದಿದೆ.