ಸೊಪ್ಪು ತಿನ್ನುವ ಮಾಂಸಾಹಾರಿ

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಕಟ್ಟಿದವರ ಮನೆಯಲ್ಲಿ ಬೆಕ್ಕು ಇರಲಿಲ್ಲವೆಂದು ಕಾಣುತ್ತದೆ. ಆಡಾದರೂ ಹೊಟ್ಟೆಗೆ ತಿನ್ನುತ್ತದೆ. ಬೆಕ್ಕಿಗೆ ಹಸಿವೂ ಬೇಕಿಲ್ಲ. ಫ್ಯಾನಿನ ಗಾಳಿಗೆ ಮನೆಯೊಳಗಿನ ಕುಂಡದ ಗಿಡದ ಎಲೆಯ ತುದಿ ಅಲುಗಿದರೆ ಸಾಕು. ದೂರದಿಂದ ದಿಟ್ಟಿಸುತ್ತದೆ, ಹಿಂಭಾಗ ಅಲ್ಲಾಡಿಸಿ ಹದ ನೋಡಿಕೊಳ್ಳುತ್ತದೆ, ಪಂಜದಿಂದ ಒಂದೇಟು ಕೊಡುತ್ತದೆ. ಆಮೇಲೆ ತಲೆ ವಾರೆ ಮಾಡಿ, ದವಡೆ ಹಲ್ಲಿಗೆ ಎಲೆ ಸಿಕ್ಕಿಸಿಕೊಂಡು ಕಚಕಚ ಜಗಿಯುತ್ತದೆ. ನಾವು 'ಏಯ್' ಅಂದರೆ, ಎಲೆಯೇ ಬಂದು ಬಾಯಿಗೆ ಬಿತ್ತೆಂಬ ಮುಖ.

'ಬಿಡಿ, ಯಾವುದು ತಿನ್ನಬೇಕು ಯಾವುದು ಬಿಡಬೇಕು ಅಂತ ಪ್ರಾಣಿಗಳಿಗೆ ಗೊತ್ತಿರುತ್ತೆ' ಎಂದು ಸಮಾಧಾನ ಹೇಳುವವರು ಯಾವಾಗಲೂ ಸಿಗುತ್ತಾರೆ. ಬೆಕ್ಕಿನ ವಿಷಯದಲ್ಲಿ ಈ ಮಾತನ್ನು ನಾನು ನಂಬುವುದಿಲ್ಲ. ಅದರ ಪೂರ್ವಿಕರು ಇಲಿ, ಹಕ್ಕಿ ಹಿಡಿದು ಬದುಕಿದವರು. ಸೊಪ್ಪುಸದೆಯ ವಿಷ ಕರಗಿಸುವ ಅಗತ್ಯ ಅವರಿಗೆ ಅಷ್ಟಾಗಿ ಬೀಳಲಿಲ್ಲ. ಆ ಕೆಲಸಕ್ಕೆ ಬರುವ ಒಂದು ಕಿಣ್ವದ ಜೀನ್ ಬೆಕ್ಕಿನಲ್ಲಿ ಕೆಟ್ಟುಹೋಗಿದೆ. ನಮ್ಮ ಜ್ವರ ಇಳಿಸುವ ಪ್ಯಾರಾಸಿಟಮಾಲ್ ಅದರ ಪ್ರಾಣಕ್ಕೇ ಎರವಾಗುವುದರ ಹಿಂದೆಯೂ ಈ ಕೊರತೆಯಿದೆ. ಜ್ಞಾನವಿಲ್ಲ, ಬಾಯಿಚಪಲ ಮಾತ್ರ ಧಾರಾಳವಾಗಿದೆ.

ಮನಿ ಪ್ಲಾಂಟ್, ಡೈಫನ್‌ಬೇಕಿಯಾ, ಮಾನ್‌ಸ್ಟೆರಾ, ಪೀಸ್ ಲಿಲ್ಲಿ ಎಲ್ಲವೂ ಕೆಸುವಿನ ಬಳಗ. ಕಚ್ಚಿದೊಡನೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳು ನಾಲಿಗೆಗೆ, ವಸಡಿಗೆ ಚುಚ್ಚುತ್ತವೆ. ಬೆಕ್ಕು ಜೊಲ್ಲು ಸುರಿಸುತ್ತದೆ, ಬಾಯಿ ಉಜ್ಜಿಕೊಳ್ಳುತ್ತದೆ, ವಾಂತಿ ಮಾಡುತ್ತದೆ. ಪ್ರಾಣಕ್ಕೆ ಬರುವುದು ಅಪರೂಪ. ಲೋಳೆಸರ ತಿಂದರೆ ವಾಂತಿ ಭೇದಿ. ಕಣಗಿಲೆ ಹಾಗಲ್ಲ, ನೇರ ಹೃದಯಕ್ಕೆ ಕೈ ಹಾಕುತ್ತದೆ, ಸೈಕಸ್ ಯಕೃತ್ತಿಗೆ.

ನನಗೆ ನಿಜವಾದ ಭಯ ಹೂದಾನಿಯ ಲಿಲ್ಲಿಯದು. ಏಷ್ಯಾಟಿಕ್, ಓರಿಯೆಂಟಲ್, ಈಸ್ಟರ್, ಜೊತೆಗೆ ಡೇ ಲಿಲ್ಲಿ. ಎಲೆ, ದಳ, ಪರಾಗ, ಕೊನೆಗೆ ಹೂ ಇಟ್ಟ ನೀರು ಕೂಡ ಬೆಕ್ಕಿನ ಮೂತ್ರಪಿಂಡ ಕೆಡಿಸುತ್ತದೆ. ತಿನ್ನಲೇಬೇಕೆಂದಿಲ್ಲ. ಪಕ್ಕದಲ್ಲಿ ಹಾದುಹೋಗುವಾಗ ಮೈಗೆ ಹೂವಿನ ಕೇಸರಿ ಬಣ್ಣದ ಪರಾಗ ಅಂಟಿತೆನ್ನಿ. ಧೂಳಿನ ಕಣವನ್ನೂ ಸಹಿಸದ ಈ ಮಡಿವಂತ ಜೀವಿ ಕೂತು ಶ್ರದ್ಧೆಯಿಂದ ಅದನ್ನೆಲ್ಲ ನೆಕ್ಕುತ್ತದೆ. ಕೆಲವು ಗಂಟೆಗಳಲ್ಲಿ ವಾಂತಿ. ಆಮೇಲೆ ಎಷ್ಟೋ ಸಲ ಚೇತರಿಸಿಕೊಂಡಂತೆ ಕಾಣುತ್ತದೆ. ಮೋಸ ಇರುವುದು ಇಲ್ಲೇ. ಮನೆಯವರು ನಿಟ್ಟುಸಿರು ಬಿಡುವಾಗ ಒಳಗೆ ಮೂತ್ರಪಿಂಡ ಸೋಲುತ್ತಿರುತ್ತದೆ. 1ರಿಂದ 3 ದಿನದೊಳಗೆ ಕೆಲಸ ನಿಲ್ಲಿಸಿಬಿಡಬಹುದು. 18 ಗಂಟೆಯೊಳಗೆ ಡ್ರಿಪ್ ಶುರುವಾದರೆ ಉಳಿಯುವ ಸಾಧ್ಯತೆ ಚೆನ್ನಾಗಿದೆ. ಹಾಗಾಗಿ ಲಕ್ಷಣ ಕಾಣಲೆಂದು ಕಾಯುವಂತಿಲ್ಲ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಮನೆಮದ್ದೂ ಬೇಡ. ಡಾಕ್ಟರ ಬಳಿ ಓಡುವಾಗ ಎಲೆಯನ್ನೋ ಫೋಟೊವನ್ನೋ ಒಯ್ಯಿರಿ. 'ಹಸಿರಾಗಿತ್ತು' ಅಂದರೆ ಅವರಾದರೂ ಏನು ಮಾಡಿಯಾರು?

'ಗಿಡ ಎತ್ತರದಲ್ಲಿಟ್ಟಿದ್ದೇವೆ' ಎನ್ನುವವರನ್ನು ಕಂಡರೆ ಕನಿಕರವಾಗುತ್ತದೆ. ತನ್ನ ಎತ್ತರದ ಐದು ಪಟ್ಟು ನೆಗೆಯುವ ಪ್ರಾಣಿಗೆ ಕಪಾಟಿನ ತುದಿ ಅಡ್ಡಿಯಲ್ಲ, ಆಹ್ವಾನ. ಜೋತುಬಿದ್ದ ಬಳ್ಳಿಯಂತೂ ಉದುರಿದ ಎಲೆಯನ್ನು ತಾನೇ ಕೆಳಗೆ ಕಳಿಸಿಕೊಡುತ್ತದೆ. ದೂರವಿರಲೆಂದು ಕುಂಡದಲ್ಲಿ ನಿಂಬೆ ಸಿಪ್ಪೆ ಇಟ್ಟರೆ ಮೂಸಿ, ಮುಖ ಸಿಂಡರಿಸಿ, ಪಕ್ಕದ ಕುಂಡಕ್ಕೆ ಹೋಗುತ್ತದೆ. ಬೆಕ್ಕಿಲ್ಲದ ಮನೆಗೆ ಆ ವಿಷದ ಗಿಡವನ್ನು ದಾಟಿಸುವುದೇ ಸರಿ.

ಮನೆ ಬೋಳಾಗುತ್ತದೆಂದು ಕೊರಗಬೇಕಿಲ್ಲ. ಸ್ಪೈಡರ್ ಪ್ಲಾಂಟ್, ಅರೆಕಾ ಪಾಮ್, ಬಾಸ್ಟನ್ ಫರ್ನ್, ಕಲಾಥಿಯಾ ಇವೆ. ಜಗಿಯುವ ತೀಟೆಗೆ ಒಂದು ತಟ್ಟೆಯಲ್ಲಿ ಗೋಧಿ ಹುಲ್ಲು ಬೆಳೆಸಿಕೊಟ್ಟರೂ ಆದೀತು; ತಿನ್ನದಿದ್ದರೆ ಅದರ ಮೇಲೆ ಮಲಗುತ್ತದೆ. ಇವೆಲ್ಲ ನಿರಪಾಯಕಾರಿ ಗಿಡಗಳು. ನಿರಪಾಯವೆಂದರೆ ಬೆಕ್ಕಿಗೆ. ಗಿಡದ ಬಗ್ಗೆ ಯಾರೂ ಗ್ಯಾರಂಟಿ ಕೊಡುವುದಿಲ್ಲ.