ಅಂಗಿಗೊಂದು ಚೆಕ್‌ಪೋಸ್ಟ್

ತಮಿಳುನಾಡಿನ ಗಡಿಯಲ್ಲಿ ಕನ್ನಡ ಆಡುವ ತಾಳವಾಡಿಯ ರೈತನೊಬ್ಬ ಕೋಸು ತುಂಬಿದ ಗಾಡಿಯೊಂದಿಗೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಸತ್ಯಮಂಗಲಕ್ಕೆ ಹೊರಟರೆ, ದಾರಿ ಹುಲಿಕಾಡಿನದೆಂಬ ಕಾರಣಕ್ಕೆ ಗಾಡಿಯ ಭಾರ, ಚಕ್ರದ ಲೆಕ್ಕ, ಹೊರಟ ಹೊತ್ತು ಎಲ್ಲವೂ ಚೆಕ್‌ಪೋಸ್ಟಿನಲ್ಲಿ ವಿಚಾರಣೆಗೆ ಬರುತ್ತವೆ. ಅದೇ ಘಾಟಿಯನ್ನು ಬಸ್ಸಿನಲ್ಲಿ ಇಳಿದುಹೋದ ಹದಿನೇಳರ ಹುಡುಗಿ ಗಿರಣಿಯಲ್ಲಿ ನೂತ ನೂಲು ತಿರುಪ್ಪೂರಿನಲ್ಲಿ ಬನಿಯನ್ ಬಟ್ಟೆಯಾಗಿ ಲಂಡನ್ನಿನ ಅಂಗಡಿಯಲ್ಲಿ ತೂಗಾಡುವವರೆಗೂ ಅದನ್ನು ತಡೆದು ಕೇಳುವವರು ಯಾರೂ ಇಲ್ಲ. ಕೋಸಿಗೆ ಇರುವಷ್ಟು ಕಾವಲು ಅಂಗಿಗೆ ಇಲ್ಲ.

ಅಂಥ ಹುಡುಗಿಯರನ್ನು ಕರೆದೊಯ್ದ ಯೋಜನೆಗೆ ಮಾಲೀಕರು ಇಟ್ಟ ಹೆಸರು ಸುಮಂಗಲಿ. ಮೂರು ವರ್ಷ ಗಿರಣಿಯ ಹಾಸ್ಟೆಲಿನಲ್ಲಿದ್ದು ದುಡಿದರೆ ಕೊನೆಗೆ ಮದುವೆ ಖರ್ಚಿಗೆಂದು 30,000ದಿಂದ 50,000 ರೂಪಾಯಿಯ ಇಡುಗಂಟು. ನಡುವೆ ಕಾಯಿಲೆ ಬಿದ್ದು ಊರಿಗೆ ಬಂದವಳಿಗೆ ಗಂಟು ಸಿಗುವ ಖಾತರಿಯಿಲ್ಲ. ಅವಳದೇ ಕೂಲಿಯನ್ನು ತಡೆಹಿಡಿದು ಅವಳಿಗೇ ಉಡುಗೊರೆಯಾಗಿ ಕೊಡುವ ಈ ಔದಾರ್ಯಕ್ಕೆ ಜೀತ ಎನ್ನುವುದು ಒರಟುತನವಂತೆ. ಜೀತವನ್ನು ನಾವು 1976ರಲ್ಲೇ ಕಾಯ್ದೆ ಮಾಡಿ ರದ್ದುಗೊಳಿಸಿದ್ದೇವೆ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು 1982ರಲ್ಲೇ ಹೇಳಿಬಿಟ್ಟಿದೆ; ಆದ್ದರಿಂದ ಜೀತ ಇರಲು ಸಾಧ್ಯವೇ ಇಲ್ಲ.

ಬಟ್ಟೆ ಕೊಳ್ಳುವ ವಿದೇಶಿ ಕಂಪನಿಯ ಆಡಿಟರ್ ಬರುವ ದಿನ ಹಾಸ್ಟೆಲಿಗೆ ಸುಣ್ಣ ಬೀಳುತ್ತದೆ. ಅವರ ಇಂಗ್ಲಿಷಿಗೂ ಹುಡುಗಿಯ ಕನ್ನಡಕ್ಕೂ ನಡುವೆ ದುಭಾಷಿಯಾಗಿ ನಿಲ್ಲುವವರು ಸೂಪರ್‌ವೈಸರ್. “ಇಲ್ಲಿ ನಿನಗೆ ಸಂತೋಷವೇ?” ಎಂಬ ಪ್ರಶ್ನೆಗೆ ಹುಡುಗಿ, “ಊರಿಗೆ ಯಾವಾಗ ಬಿಡ್ತೀರಣ್ಣ?” ಎನ್ನುತ್ತಾಳೆ. “ಬಹಳ ಸಂತೋಷವಂತೆ, ಸಾರ್” ಎಂದು ಸೂಪರ್‌ವೈಸರ್ ತಿಳಿಸುತ್ತಾರೆ. ಆಡಿಟರ್ ಟಿಕ್ ಹಾಕುತ್ತಾರೆ.

ಆ ಟಿಕ್ಕುಗಳೇ ಹಡಗು ಹತ್ತಿ ಬ್ರಿಟನ್ನಿನಲ್ಲಿ ವಾರ್ಷಿಕ ಹೇಳಿಕೆಯಾಗುತ್ತವೆ. ಅಲ್ಲಿನ 2015ರ ಆಧುನಿಕ ಗುಲಾಮಗಿರಿ ಕಾಯ್ದೆಯ ಪ್ರಕಾರ ವರ್ಷಕ್ಕೆ 3.6 ಕೋಟಿ ಪೌಂಡ್ ವಹಿವಾಟು ಮುಟ್ಟಿದ ಕಂಪನಿ, ತನ್ನ ಪೂರೈಕೆ ಸರಪಳಿಯಲ್ಲಿ ಗುಲಾಮಗಿರಿ ತಡೆಯಲು ಏನು ಮಾಡಿದೆ ಎಂದು ಬರೆದು ಪ್ರಕಟಿಸಬೇಕು. ಏನೂ ಮಾಡಿಲ್ಲದಿದ್ದರೆ “ಏನೂ ಮಾಡಿಲ್ಲ” ಎಂದು ಬರೆದರೂ ಕಾನೂನು ಪಾಲಿಸಿದಂತೆಯೇ. ಪರೀಕ್ಷೆಗೆ ಕೂತು “ಓದಿಲ್ಲ” ಎಂದಷ್ಟೇ ಬರೆದವನನ್ನು ಪಾಸು ಮಾಡುವ ಇಂಥ ಮಾಸ್ತರರು ನಮ್ಮ ಶಾಲೆಯಲ್ಲಿ ಇದ್ದಿದ್ದರೆ ನಾನೂ ಎಂಜಿನಿಯರಾಗಿರುತ್ತಿದ್ದೆ.

ಚೆಕ್‌ಪೋಸ್ಟಿನ ನ್ಯಾಯವನ್ನು ಅರಿತವರು, ಆಶ್ಚರ್ಯವೆಂದರೆ, ಅಮೆರಿಕದವರು. ಹತ್ತಿ ಬೆಳೆಯುವ ಚೀನಾದ ಶಿನ್‌ಜಿಯಾಂಗ್ ಪ್ರಾಂತ್ಯದ ಸರಕು ಬಲವಂತದ ದುಡಿಮೆಯದೆಂದೇ 2022ರ ಜೂನ್‌ನಿಂದ ಅಮೆರಿಕದಲ್ಲಿ ಭಾವಿಸಲಾಗುತ್ತದೆ. ಅಲ್ಲವೆಂದು ಸಾಬೀತು ಮಾಡುವ ಹೊಣೆ ತರಿಸಿಕೊಂಡವನದು. ಹತ್ತಿಗೆ ಕೊನೆಗೂ ಕೋಸಿನ ಯೋಗ ಬಂತು, ಆದರೆ ಒಂದೇ ಪ್ರಾಂತ್ಯದ ಹತ್ತಿಗೆ. ಯೂರೋಪ್ ಒಕ್ಕೂಟವೂ ಬಲವಂತದ ದುಡಿಮೆಯ ಸರಕನ್ನು 2027ರ ಡಿಸೆಂಬರ್‌ನಿಂದ ನಿಷೇಧಿಸಲಿದೆಯಾದರೂ, ಸಾಬೀತು ಮಾಡುವ ಹೊರೆಯನ್ನು ಅಧಿಕಾರಿಗಳ ತಲೆಗೇ ಕಟ್ಟಿದೆ. ಸರಪಳಿಯುದ್ದಕ್ಕೂ ಕಂಪನಿಗಳೇ ಎಚ್ಚರ ವಹಿಸಬೇಕೆಂದು 2024ರಲ್ಲಿ ಅದು ಮಾಡಿದ ಇನ್ನೊಂದು ಕಾನೂನಂತೂ ಜಾರಿಗೆ ಬರುವ ಮೊದಲೇ ದಣಿಯಿತು. 2025ರ ಏಪ್ರಿಲ್‌ನಲ್ಲಿ ಮೊದಲ ಸಾಲಿನ ಕಂಪನಿಗಳ ಗಡುವನ್ನು 2027ರಿಂದ 2028ಕ್ಕೆ ದೂಡಿದರು. ಆ ಕ್ರಮಕ್ಕೆ ಅವರೇ ಇಟ್ಟ ಅಡ್ಡಹೆಸರು “ಗಡಿಯಾರ ನಿಲ್ಲಿಸಿ”.

ಗಿರಣಿಯ ಗಡಿಯಾರ ಮಾತ್ರ ನಿಂತಿಲ್ಲ, ರಾತ್ರಿ ಪಾಳಿಯ ಸೈರನ್ನು ಹೊತ್ತಿಗೆ ಸರಿಯಾಗಿ ಕೂಗುತ್ತಿದೆ. 2025ರಲ್ಲಿ ಬಸ್ಸು ಹತ್ತಿದವಳಿಗೆ 2028ಕ್ಕೆ ಮೂರು ವರ್ಷ ತುಂಬುತ್ತದೆ. ಹಾಸ್ಟೆಲಿನ ಊಟದ ಖರ್ಚು ಕಳೆದು ಉಳಿದದ್ದನ್ನು ಎಣಿಸಿಕೊಂಡು ಅವಳು ಘಾಟಿ ಹತ್ತುವಾಗ ಪಕ್ಕದ ಸಾಲಿನಲ್ಲಿ ಕೋಸಿನ ಗಾಡಿ ತಪಾಸಣೆಗೆ ನಿಂತಿರುತ್ತದೆ.