ಗಾಳಿಯಂತ್ರದ ರೆಕ್ಕೆ: ಹೊರೆ ಲೆಕ್ಕಕ್ಕೆ ಕಂಪ್ಯೂಟರನ್ನೇ ನಂಬಬಹುದೇ?

ಪರ

ಕಂಪ್ಯೂಟರಿನ ಲೆಕ್ಕದ ಪರ ಬರಿ ಅಂದರು, ಬರೆಯುತ್ತಿದ್ದೇನೆ. ನನ್ನ ಅನ್ನವೂ ಇದರಲ್ಲೇ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ರೆಕ್ಕೆಯನ್ನು ಬುಡದಿಂದ ತುದಿಯವರೆಗೆ ಸೌತೆಕಾಯಿ ಹೆಚ್ಚಿದ ಹಾಗೆ ತುಂಡು ಮಾಡಿಕೊಳ್ಳಿ. ಒಂದೊಂದು ತುಂಡಿಗೂ ಗಾಳಿ ಯಾವ ಕೋನದಲ್ಲಿ ಬಡಿಯುತ್ತದೆ, ಎಷ್ಟು ಎತ್ತುತ್ತದೆ, ಎಷ್ಟು ಎಳೆಯುತ್ತದೆ ಅಂತ ನೋಡಿ ಕೂಡಿಸಿದರೆ ಬುಡಕ್ಕೆ ಬೀಳುವ ಹೊರೆ, ಅಂದರೆ ಗಾಳಿ ಹಾಕುವ ಬಲ, ಸಿಗುತ್ತದೆ. ಬೆಟ್ಜ್, ಗ್ಲಾವರ್ಟ್ ಅನ್ನೋ ವಿಜ್ಞಾನಿಗಳ ಕಾಲದ, ಸುಮಾರು ನೂರು ವರ್ಷ ಹಳೆಯ ಉಪಾಯ ಇದು. ಓಪನ್‌ಫಾಸ್ಟ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಇವತ್ತೂ ಇದೇ ದಾರಿ ಹಿಡಿಯುತ್ತದೆ.

ಬೇರೆ ದಾರಿ ಏನಿದೆ ಹೇಳಿ? ವೆಸ್ಟಾಸ್ ಕಂಪನಿಯ ವಿ236 ಯಂತ್ರದ ಒಂದು ರೆಕ್ಕೆಯೇ 115.5 ಮೀಟರ್. ಗಾಳಿ ಹಾಯಿಸಿ ಪರೀಕ್ಷೆ ಮಾಡುವ ಯಾವ ಗಾಳಿ ಸುರಂಗಕ್ಕೆ ಅದನ್ನು ತುರುಕುತ್ತೀರಿ? ಐವತ್ತು ವರ್ಷಕ್ಕೊಮ್ಮೆ ಬೀಸುವ ಗಾಳಿಗೂ ಯಂತ್ರ ತಡೆಯಬೇಕು ಅನ್ನುತ್ತದೆ ಗಾಳಿಯಂತ್ರಗಳ ವಿನ್ಯಾಸಕ್ಕಿರುವ ಅಂತರರಾಷ್ಟ್ರೀಯ ನಿಯಮ, ಐಇಸಿ 61400-1. ಆ ಗಾಳಿಗಾಗಿ ಗುಡ್ಡದ ಮೇಲೆ ಕಾಯುತ್ತಾ ಕೂರೋದಾ? ವಿರೋಧ ಬರೆಯುವವರು ಬೆರಳಿಗೆ ಎಂಜಲು ಹಚ್ಚಿ ಗಾಳಿಗೆ ಹಿಡಿದು ಹೊರೆ ಹೇಳುತ್ತಾರೋ ಏನೋ. ಹೊಸ ರೆಕ್ಕೆಯನ್ನು ಬುಡದಲ್ಲಿ ಬಿಗಿದು ತಿಂಗಳುಗಟ್ಟಲೆ ಅಲುಗಾಡಿಸಿ ಪರೀಕ್ಷೆ ಮಾಡುತ್ತಾರಲ್ಲ ಅಂತ ಕೇಳಬಹುದು. ಮಾಡುತ್ತಾರೆ. ಎಷ್ಟು ಜೋರಾಗಿ ಅಲುಗಾಡಿಸಬೇಕು ಅಂತ ಹೇಳೋದೂ ಕಂಪ್ಯೂಟರಿನ ಲೆಕ್ಕವೇ. ಗಾಳಿ ರೆಕ್ಕೆಯ ಮೈ ಬಿಟ್ಟು ಹರಿದಾಗ ಲೆಕ್ಕ ಸ್ವಲ್ಪ ಎಡವುತ್ತದೆ, ಒಪ್ಪಿದೆ. ಅದು ಬೇರೆ ವಿಷಯ.

ವಿರೋಧ

ಬೇರೆ ವಿಷಯ ಅಲ್ಲ ಸ್ವಾಮಿ, ವಿಷಯವೇ ಅದು.

2000ದಲ್ಲಿ ಅಮೆರಿಕದಲ್ಲಿ ಒಂದು ಪಂದ್ಯ ನಡೆಯಿತು, ನಾನಂತೂ ಪಂದ್ಯ ಅಂತಲೇ ಕರೆಯುತ್ತೇನೆ. 10 ಮೀಟರ್ ಅಡ್ಡಳತೆಯ, ಎರಡು ರೆಕ್ಕೆಯ ಯಂತ್ರವನ್ನು ನಾಸಾದ ಏಮ್ಸ್ ಕೇಂದ್ರದ ಭಾರೀ ಸುರಂಗದಲ್ಲಿ ನಿಲ್ಲಿಸಿ ಅಳೆದರು. ಅಳತೆ ತೋರಿಸದೆ, ನಿಮ್ಮ ಸಾಫ್ಟ್‌ವೇರ್ ಏನು ಹೇಳುತ್ತೆ ಅಂತ ಪರಿಣತರನ್ನು ಕೇಳಿದರು. ಗಾಳಿ ಮೆಲ್ಲಗಿರುವಾಗಲೇ, ಅಂದರೆ ಲೆಕ್ಕ ಸುಲಭ ಇರುವಾಗಲೇ, ಯಂತ್ರದ ಶಕ್ತಿ ನಿಜದ ಶೇ 25 ಅಂತ ಹೇಳಿದ ಸಾಫ್ಟ್‌ವೇರೂ ಇತ್ತು, ಶೇ 175 ಅಂದದ್ದೂ ಇತ್ತು. ಆಮೇಲೆ ಸುಧಾರಿಸಿದೆ ಅನ್ನುತ್ತೀರಿ. ಯಾವುದನ್ನು ಇಟ್ಟುಕೊಂಡು ಸುಧಾರಿಸಿದಿರಿ? ಆ ಅಳತೆಯನ್ನೇ ಅಲ್ವಾ?

ಐವತ್ತು ವರ್ಷದ ಗಾಳಿ ಅಂತ ಸುಮ್ನೆ ಹೆದರಿಸಬೇಡಿ. ನನ್ನ ತಲೆನೋವು ದಿನಾ ಬೀಸೋ ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ರೆಕ್ಕೆ ರಿಪೇರಿ ಮಾಡಿಕೊಂಡಿದ್ದವನು ನಾನು. ಒಂದು ಆಷಾಢದಲ್ಲಿ ರಾತ್ರಿ ಪಾಳಿಯ ವಾಚ್‌ಮನ್ ಬಂದು, ‘ಸಾರ್, ಏಳನೇ ಫ್ಯಾನು ಸಿಳ್ಳೆ ಹೊಡಿತೈತೆ’ ಅಂದ. ಆರು ವರ್ಷದಿಂದ ತಿರುಗುತ್ತಿದ್ದ ಯಂತ್ರ ಅದು. ಆಫೀಸಿಗೆ ಫೋನ್ ಮಾಡಿದರೆ, ಹೊರೆ ಎಲ್ಲಾ ಮಿತಿಯೊಳಗೇ ಇದೆ, ರಿಪೋರ್ಟ್ ಕಳಿಸಿದ್ದೇವಲ್ಲ ಅಂದರು. ಯಂತ್ರ ನಿಲ್ಲಿಸುವ ಹೊತ್ತಿಗೆ ಸಾಕುಸಾಕಾಯಿತು. ಆ ಗಾಳಿಗೆ ಹಗ್ಗ ಕಟ್ಟುವ ಹಾಗೂ ಇರಲಿಲ್ಲ, ನಾಲ್ಕು ದಿನ ಕಾದು, ಐದನೇ ದಿನ ಬೆಳಗಿನ ಜಾವ ಹಗ್ಗದಲ್ಲಿ ಇಳಿದೆ. ಗಾಳಿಗೆ ಎದುರಾಗುವ ಅಂಚು ಮುಟ್ಟಿದರೆ ಎಮರಿ ಪೇಪರ್ ಮುಟ್ಟಿದಂತೆ. ಬಣ್ಣ ಕಿತ್ತು ಒಳಗಿನ ಫೈಬರ್ ಕಾಣುತ್ತಿತ್ತು, ಮೇಲೆ ಸತ್ತ ಹುಳುಗಳ ಕರಿ ಪದರ. ಹಿಂದಿನ ಅಂಚಿನಲ್ಲಿ ಎರಡು ಚಿಪ್ಪು ಸೇರಿಸಿ ಅಂಟಿಸಿದ ಜಾಗ ಬಾಯಿ ಬಿಟ್ಟಿತ್ತು, ನನ್ನ ಎರಡು ಬೆರಳು ಸಲೀಸಾಗಿ ಒಳಗೆ ಹೋದವು. ಸಿಳ್ಳೆ ಅಲ್ಲಿಂದ.

ಏಳನೆಯದು ಗುಡ್ಡದ ಕೊನೆಯಲ್ಲಿ, ಕಡಿದಾದ ಇಳಿಜಾರಿನ ನೆತ್ತಿಯಲ್ಲಿದೆ. ಕೆಳಗಿನಿಂದ ಏರಿ ಬರುವ ಗಾಳಿ ಅಲ್ಲಿ ಸುಳಿ ಸುತ್ತುತ್ತದೆ, ಊಟದ ಡಬ್ಬಿಯ ಮುಚ್ಚಳ ತೆಗೆದರೆ ಅನ್ನದ ತುಂಬ ಧೂಳು. ಲೆಕ್ಕಕ್ಕೆ ಕೊಟ್ಟಿದ್ದು ಪಕ್ಕದ ಗುಡ್ಡದ ಕಂಬದಲ್ಲಿ ಅಳೆದ ಗಾಳಿ.

ಆಮೇಲೆ ಲೆಕ್ಕ ಮಾಡಿದ ಹುಡುಗ ಒಬ್ಬ ಸಿಕ್ಕಿದ್ದ, ಒಳ್ಳೆಯ ಹುಡುಗ. ರೆಕ್ಕೆಯ ಮೈ ಹೇಗಿದೆ ಅಂತ ಹಾಕಿದ್ರಿ ಅಂತ ಕೇಳಿದೆ. ಗಾಳಿ ಎಷ್ಟು ಎತ್ತುತ್ತೆ, ಎಷ್ಟು ಎಳೆಯುತ್ತೆ ಅನ್ನೋದಕ್ಕೆ ಎರಡು ಪಟ್ಟಿ ಇರುತ್ತೆ ಸಾರ್, ನುಣುಪು ಮೈಗೆ ಒಂದು, ಒರಟು ಮೈಗೆ ಒಂದು ಅಂದ. ಏಳನೆಯದಕ್ಕೆ ಯಾವುದು?

‘ನುಣುಪೇ ಸಾರ್. ಹೊಸ ಮೆಷಿನ್ ಅಲ್ವಾ?’